ಕರೆದವರ ತಪ್ಪು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ವೇದಾಂತ ಕಲಿಸುತ್ತಿರಲಿಲ್ಲ, ಪರ್ಲ್ ಕಲಿಸುತ್ತಿದ್ದರು.

ಪರ್ಲ್ ಎಂಬುದು ಕಂಪ್ಯೂಟರಿಗೆ ಕೆಲಸ ಹೇಳುವ ಹಳೆಯ ಭಾಷೆ. ಅದನ್ನು ಕಲಿಯಲು ಬರುವವರು ಕಡಿಮೆ, ಕಲಿತು ಬಿಟ್ಟುಹೋದವರೇ ಬಹಳ. ಗುರು ಸಂಗಯ್ಯನವರಿಗೆ ಈ ಬಗ್ಗೆ ದೂರೇನೂ ಇರಲಿಲ್ಲ. ದೂರು ಹೇಳುವಷ್ಟು ಉಸಿರೂ ಅವರಲ್ಲಿ ಉಳಿದಿರಲಿಲ್ಲ ಅನ್ನಿ.

ಅವರಿಗೆ ವಯಸ್ಸಾಗಿತ್ತು. ಕಣ್ಣು ಮಂಜಾಗಿತ್ತು. ಪರದೆಯ ಮೇಲಿನ ಅಕ್ಷರಗಳನ್ನು ಶಿಷ್ಯರೇ ಓದಿ ಹೇಳಬೇಕಿತ್ತು.

ಉಳಿದಿದ್ದ ಶಿಷ್ಯರು ಇಬ್ಬರೇ. ನಾಗವೇಣಿ ಹಿರಿಯಳು, ಮಾತು ಕಡಿಮೆ, ಬಹಳ ವರ್ಷಗಳಿಂದ ಅಲ್ಲೇ ಇದ್ದವಳು. ಮೈಲಾರಿ ಅವಳಿಗಿಂತ ಕಿರಿಯ. ಮೊದಲು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದವನು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಆಶ್ರಮದಲ್ಲಿ ಊರಿನ ಉಪಯೋಗಕ್ಕೆಂದು ಒಂದು ಪ್ರೋಗ್ರಾಂ ಓಡುತ್ತಿತ್ತು. ಹೊಳೆ ದಾಟುವ ಜಾಗದ ಹೆಸರನ್ನೇ ಅದಕ್ಕೆ ಇಟ್ಟಿದ್ದರು: ಕಡವು.

ಮೇಲಿನ ಅಣೆಕಟ್ಟಿನಿಂದ ದಿನಾ ಬೆಳಿಗ್ಗೆ ಒಂದು ಅಂಕಿ ಬರುತ್ತಿತ್ತು: ಅಲ್ಲಿ ಹೊಳೆಯ ನೀರು ಎಷ್ಟು ಅಡಿ ಇದೆ ಎಂದು. ಅಲ್ಲಿ ಏರಿದ ನೀರು ಇಲ್ಲಿಗೆ ಬರಲು ಅರ್ಧ ದಿನ ಬೇಕು. ನೀರು ಎಂಟು ಅಡಿ ಮೀರಿದ್ದರೆ ಕಡವು ಅಂಬಿಗ ಗಾಳೆಪ್ಪನ ಫೋನಿಗೆ ಸುದ್ದಿ ಕಳಿಸುತ್ತಿತ್ತು, ಇವತ್ತು ಹರಿಗೋಲು ಬಿಡಬೇಡ ಎಂದು. ಸುದ್ದಿ ಬರದ ದಿನ ಗಾಳೆಪ್ಪ ಜನರನ್ನು ಹತ್ತಿಸಿಕೊಂಡು ಹೊರಡುತ್ತಿದ್ದ.

ಕಡವನ್ನು ಮೊದಲು ಬರೆದವರು ಸಂಗಯ್ಯನವರು. ಅಂಕಿ ಓದುವ ಭಾಗವನ್ನು ಆಮೇಲೆ ನಾಗವೇಣಿ ಬರೆದಳು.

ಮಳೆಗಾಲಕ್ಕೆ ಮುಂಚೆ ಒಂದು ದಿನ ಮೈಲಾರಿ ಗುರುಗಳ ಹತ್ತಿರ ಬಂದ. ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

"ಅಪ್ಪಾರ, ಎರಡು ಮಾಡ್ಯೂಲ್ ಬರದೀನ್ರಿ."

"ಯಾತಕ್ಕ?"

"ಸಹಾಯಕ್ಕ್ರೀ, ಕಡವಿಗೆ ಜೋಡಿಸೂ ತುಂಡು. ಒಂದರ ಹೆಸರು ಎಡಗೈ. ಅದು ವಸ್ತು ಮಾಡಿ ಕೊಡ್ತೈತಿ, ಅಂದ್ರ ಅಂಕಿ ಇಡಾಕ ಒಂದು ಹೆಸರಿನ ಡಬ್ಬಿ. ಎತ್ತರ ಅನ್ನೂದೊಂದು ವಸ್ತು, ಹರಿಗೋಲು ಅನ್ನೂದೊಂದು ವಸ್ತು. ಅದರೊಳಗ ತಪ್ಪು ಅಂಕಿ ಹೋಗದಂಗ ಎಡಗೈನ ಕಾಯ್ತೈತಿ. ಇನ್ನೊಂದು ಬಲಗೈ. ಅದು ಲಾಗ್ ಬರೀತೈತಿ. ಪ್ರೋಗ್ರಾಂ ಏನ್ ಮಾಡ್ತು, ಎಲ್ಲಿ ಎಡವಿತು, ಒಂದೊಂದು ಸಾಲಿನ್ಯಾಗ ಚೊಕ್ಕ ಬರದಿಡ್ತೈತಿ."

"ಎಡಗೈ, ಬಲಗೈ. ತಲಿ ಯಾವಾಗ ಬರೀತಿ?"

ಮೈಲಾರಿ ನಕ್ಕ. ಗುರುಗಳಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಯುವ ತನಕ ಅವನು ಕಾದ.

"ಅಪ್ಪಾರ, ಒಂದು ಕೇಳ್ತೀನ್ರಿ. ಪರ್ಲಿನ್ಯಾಗ ವಸ್ತು ಮಾಡಬೇಕಂದ್ರ ಅದಕ್ಕ ಬ್ಲೆಸ್ ಅನ್ನಬೇಕು. ಬ್ಲೆಸ್ ಅಂದ್ರ ಆಶೀರ್ವಾದ. ಬರೇ ಡಬ್ಬಿಗೆ ಆಶೀರ್ವಾದ ಮಾಡಿದ್ರ ಏನು ಬಂತ್ರಿ?"

ಗುರುಗಳು ಪಕ್ಕದಲ್ಲಿದ್ದ ತಂಬಿಗೆಯನ್ನು ಅವನ ಕೈಗೆ ಕೊಟ್ಟರು.

"ಅಂಚು ನೋಡು. ಏನ್ ಬರದೈತಿ?"

"ದುರುಗಮ್ಮ ಅಂತ ಕೊರದಾರ್ರೀ. ಗಾಳೆಪ್ಪನ ಹೆಂಡ್ತಿದು. ಮುಂಜಾನಿ ಮಜ್ಜಿಗಿ ತಂದಿದ್ಲು."

"ಹೆಸರು ಕೊರಿಸಿದ ಮ್ಯಾಲ ತಂಬಿಗಿ ಬದಲಾತೇನು?"

"ಇಲ್ರೀ."

"ಮತ್ತೇನು ಬದಲಾತು?"

ಮೈಲಾರಿ ತಂಬಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದು ಯಾರ್ದು ಅಂತ ಕೇಳಿದ್ರ ಯಾರ ಮನಿಗೆ ಹೋಗಬೇಕು ಅನ್ನೂದು ಗೊತ್ತಾತ್ರಿ."

"ಅಷ್ಟ ಆಶೀರ್ವಾದ. ಹೋಗಿ ಕೊಟ್ಟು ಬಾ. ಖಾಲಿ ಕೊಡಬ್ಯಾಡ, ಒಂದು ಹಿಡಿ ಸಕ್ಕರಿ ಹಾಕು."

ಅವನು ಕೊಟ್ಟು ಬಂದ. ಗುರುಗಳು ಅಲ್ಲೇ ಕೂತಿದ್ದರು.

"ಇನ್ನೊಂದು ಹೇಳೂದೈತ್ರಿ. ತಪ್ಪಾದಾಗೆಲ್ಲಾ ನನ್ನ ಎಡಗೈ ಕ್ರೋಕ್ ಅಂತೈತಿ."

ಇದನ್ನು ಬಿಡಿಸಿ ಹೇಳಬೇಕು. ಪರ್ಲಿನಲ್ಲಿ ಪ್ರೋಗ್ರಾಂ ಸಾಯುವುದಕ್ಕೆ, ಅಂದರೆ ತಪ್ಪು ಕಂಡು ನಡುವೆ ನಿಂತುಹೋಗುವುದಕ್ಕೆ, ಹಲವು ಮಾತುಗಳಿವೆ. ಡೈ ಎಂದು ಸತ್ತರೆ, ತಪ್ಪು ನಡೆದ ಸಾಲನ್ನೇ ತೋರಿಸಿ ಸಾಯುತ್ತದೆ. ಕ್ರೋಕ್ ಎಂದು ಸತ್ತರೆ, ತನ್ನನ್ನು ಕರೆದವರ, ಅಂದರೆ ತನಗೆ ಕೆಲಸ ಒಪ್ಪಿಸಿದವರ, ಸಾಲನ್ನು ತೋರಿಸಿ ಸಾಯುತ್ತದೆ. ನನ್ನದೇನೂ ಇಲ್ಲ ಸ್ವಾಮಿ, ನನಗೆ ಕೆಟ್ಟದ್ದನ್ನು ಕೊಟ್ಟವರು ಅಗೋ ಅವರು, ಎಂದು ಬೆರಳು ತೋರಿಸಿದ ಹಾಗೆ.

"ಎಲ್ಲಾ ಕಡಿ ಕ್ರೋಕ್ ಹಾಕೀ ಏನು?" ಗುರುಗಳು ಕೇಳಿದರು.

"ಎಲ್ಲಾ ಕಡಿ. ಮಾಡ್ಯೂಲ್ ಬರಿಯೋರು ಹಂಗ ಮಾಡಬೇಕು ಅಂತಾರ್ರಿ."

"ಅಂದ್ರ ನಿನ್ನ ಎಡಗೈ ತಪ್ಪು ಮಾಡಂಗ ಇಲ್ಲ."

"ಪರೀಕ್ಷೆ ಮಾಡೀನ್ರಿ. ತಪ್ಪಾದ್ರ ಅದು ಕರದೋರ್ದ ಆಗಿರ್ತೈತಿ."

ದಂಡೆಯ ಜೊಂಡಿನಲ್ಲಿ ಕಪ್ಪೆಗಳು ವಟಗುಟ್ಟುತ್ತಿದ್ದವು. ಗುರುಗಳು ಆ ಕಡೆ ಕಿವಿಗೊಟ್ಟರು.

"ಕ್ರೋಕ್ ಅಂದ್ರ ಕಪ್ಪಿ ಕೂಗು. ಒಂದು ಕೂಗಿದ್ರ ಎಲ್ಲಾ ಕೂಗ್ತಾವ. ಮೊದಲ ಕೂಗಿದ್ದು ಯಾವ್ದು ಅಂತ ಹುಡುಕಾಕ ಹೋದ್ರ ಎಲ್ಲಾ ಸುಮ್ಮನಾಗಿಬಿಡ್ತಾವ."

"ಬ್ಯಾಡಂತೀರೇನ್ರಿ? ಬೇಕಾದ್ರ ಒಂದೊಂದು ಸಾಲೂ ಓದಿ ಹೇಳ್ತೀನಿ."

ಗುರುಗಳು ಕಣ್ಣು ಉಜ್ಜಿಕೊಂಡರು. ಬಿಸಿಲು ಏರಿತ್ತು. ಕೇಳಬೇಕಿತ್ತು, ಕೇಳಲಿಲ್ಲ.

"ಇವತ್ತು ಸಾಕಾಗೇತಿ," ಎಂದರು. "ಹಾಕು."

ನಾಗವೇಣಿ ತನ್ನ ಭಾಗವನ್ನು ಎಡಗೈಗೆ ಜೋಡಿಸಿದಳು. ಮೇಲಿನಿಂದ ಬಂದ ಅಂಕಿಯನ್ನು ಅವಳ ಸಾಲು ಎಡಗೈಗೆ ಕೊಡುತ್ತಿತ್ತು, ಎಡಗೈ ಅದನ್ನು ಎತ್ತರ ಎಂಬ ವಸ್ತು ಮಾಡುತ್ತಿತ್ತು. ಎಲ್ಲ ಸುಸೂತ್ರವಾಗಿ ನಡೆಯಿತು. ಮೈಲಾರಿ ಲಾಗನ್ನು ತೆರೆದು ತೆರೆದು ನೋಡಿ ಸಂತೋಷಪಡುತ್ತಿದ್ದ.

ಶ್ರಾವಣದಲ್ಲಿ ಮೇಲೆ ಮಳೆ ಹಿಡಿಯಿತು.

ಒಂದು ದಿನ ಬೆಳಿಗ್ಗೆ ಗಾಳೆಪ್ಪ ಫೋನು ನೋಡಿದ. ಸುದ್ದಿಯಿರಲಿಲ್ಲ. ಹೊಳೆಯೂ ಸುಮ್ಮನಿತ್ತು. ಆಚೆ ದಡದ ಸಂತೆಗೆ ಹೋಗುವವರನ್ನು ಹತ್ತಿಸಿಕೊಂಡು ಹೊರಟ.

ಮಧ್ಯಾಹ್ನ ಅವರು ಮರಳುವಾಗ ನೀರು ಬಂತು. ಹರಿಗೋಲು ನಡುಹೊಳೆಯಲ್ಲಿ ಗಿರಗಿರ ತಿರುಗಿ ಬಂಡೆಗೆ ಬಡಿದು ಮಗುಚಿತು. ಕೆಳಗಡೆ ಬಲೆ ಬಿಡುತ್ತಿದ್ದವರು ಓಡಿ ಬಂದು ಒಬ್ಬೊಬ್ಬರನ್ನೇ ಎಳೆದು ಹಾಕಿದರು. ಜೀವ ಯಾರದೂ ಹೋಗಲಿಲ್ಲ. ಗಾಳೆಪ್ಪನ ತೋಳು ಎರಡು ಕಡೆ ಮುರಿಯಿತು. ಹರಿಗೋಲು ಹೊಳೆಯ ಪಾಲಾಯಿತು.

ಊರವರು ಆಶ್ರಮಕ್ಕೆ ಬಂದರು. ಸುದ್ದಿ ಯಾಕೆ ಬರಲಿಲ್ಲ ಎಂದು ಕೇಳಿದರು.

ಮೈಲಾರಿ ಲಾಗ್ ತೆರೆದು ಎಲ್ಲರ ಮುಂದೆ ಓದಿದ. ಒಂದೇ ಸಾಲು, ಚೊಕ್ಕವಾಗಿತ್ತು.

"ಎತ್ತರ ಅಂಕಿಯಲ್ಲ. ನಾಗವೇಣಿಯ ಫೈಲು, ನಲವತ್ತೊಂದನೇ ಸಾಲು."

ಜನ ನಾಗವೇಣಿಯ ಮುಖ ನೋಡಿದರು. ಅವಳು ಪರದೆಯನ್ನು ನೋಡಿದಳು.

ಮೈಲಾರಿಗೆ ಸಮಾಧಾನವಾಯಿತು. ಮುಚ್ಚಿಡುವುದೇಕೆ? ತನ್ನ ಹೆಸರು ಅಲ್ಲಿರಲಿಲ್ಲವಲ್ಲ ಎಂಬ ಸಮಾಧಾನ.

ನಾಗವೇಣಿ ಆ ಸಾಲಿನ ಮುಂದೆ ಕೂತಳು. ಬಂದ ಅಂಕಿಯನ್ನು ಬಂದ ಹಾಗೇ ಮುಂದಕ್ಕೆ ಕೊಡುವ ಸಾಲು ಅದು, ಮತ್ತೇನೂ ಇಲ್ಲ. ಆ ದಿನದ ಅಂಕಿ ಅಷ್ಟರಲ್ಲಿ ಅಳಿಸಿಹೋಗಿತ್ತು. ಅವಳೇ ಎಂಟು ಕೊಟ್ಟು ನೋಡಿದಳು, ಸರಿಯಾಗಿ ಓಡಿತು. ಒಂಬತ್ತು ಕೊಟ್ಟಳು, ಓಡಿತು. ಹತ್ತು ಕೊಟ್ಟಳು, ಅದೂ ಓಡಿತು.

ಓಡದಿದ್ದರೆ ತಿದ್ದಬಹುದಿತ್ತು. ಓಡುವುದನ್ನು ಏನು ತಿದ್ದುವುದು?

ಮರುದಿನವೂ ಕೂತಳು, ಅದರ ಮರುದಿನವೂ ಕೂತಳು. ಬಾವಿಗೆ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅವಳು ಬಾವಿಗೆ ಹೋಗುವುದನ್ನೇ ಬಿಟ್ಟಳು.

ಕೊನೆಗೆ ಒಂದು ಬೆಳಿಗ್ಗೆ ಚೀಲ ಹಿಡಿದು ಗುರುಗಳ ಮುಂದೆ ನಿಂತಳು.

"ಹೋಗ್ತೀನ್ರಿ ಅಪ್ಪಾರ."

"ಎಲ್ಲಿಗೆ?"

"ತಂಗಿ ಮನಿಗೆ. ಇನ್ನ ಕಡವಿಗೆ ನಾ ಕೈ ಹಚ್ಚಂಗಿಲ್ಲ. ನನ್ನ ಸಾಲು ನನಗ ತಿಳಿವಲ್ದು. ಹಂತಾಕಿ ಮಂದಿ ಜೀವದ ಮ್ಯಾಲ ಸಾಲು ಬರಿಯೂದು ಬ್ಯಾಡ."

"ಬಸ್ಸು ಮಧ್ಯಾಹ್ನಕ್ಕ ಐತಿ."

"ಕುಂತು ಕಾಯ್ತೀನ್ರಿ. ಇಲ್ಲಿ ಕುಂದ್ರಾಕ ಆಗವಲ್ದು."

ಅವಳು ನಮಸ್ಕಾರ ಮಾಡಿ ರಸ್ತೆಯ ಕಡೆ ನಡೆದಳು. ಗುರುಗಳು ತಡೆಯಲಿಲ್ಲ. ಒಳಗೆ ಹೋಗಿ ಫೋನು ಹಿಡಿದು ಯಾರ ಜೊತೆಯೋ ಬಹಳ ಹೊತ್ತು ಮಾತಾಡಿದರು.

ಊಟದ ಹೊತ್ತಿಗೆ ಮೈಲಾರಿ ತಟ್ಟೆಯ ಮುಂದೆ ಕೂತ. ರೊಟ್ಟಿ ಮುರಿದ, ತಿನ್ನಲಿಲ್ಲ. ಎದ್ದು ಗುರುಗಳನ್ನು ಹುಡುಕಿಕೊಂಡು ಮೆಟ್ಟಿಲ ಹತ್ತಿರ ಹೋದ.

"ಅಪ್ಪಾರ, ಲಾಗ್ ಸುಳ್ಳ ಹೇಳ್ತೈತೇನ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನನ್ನು ಯಾರೂ ಏನೂ ಅಂದಿರಲಿಲ್ಲ.

"ಲಾಗ್ ಸುಳ್ಳ ಹೇಳಂಗಿಲ್ಲ," ಎಂದರು ಗುರುಗಳು. "ಕಲಿಸಿದಷ್ಟ ಹೇಳ್ತೈತಿ."

ಗುರುಗಳು ಹೊಳೆಯ ಕಡೆ ಕೈ ಮಾಡಿದರು.

"ನೀರಾಗ ಇಳಿ."

"ಯಾಕ್ರಿ?"

"ಇಳಿ ಅಂದ್ರ ಇಳಿ. ನನಗ ಎರಡು ಸಲ ಹೇಳಾಕ ಆಗಂಗಿಲ್ಲ."

ಹೊಳೆ ಇಳಿದಿತ್ತು, ಬಣ್ಣ ಮಾತ್ರ ಇನ್ನೂ ಕೆಂಪಿತ್ತು. ಮೈಲಾರಿ ಲುಂಗಿ ಎತ್ತಿ ಕಟ್ಟಿಕೊಂಡು ಮೆಟ್ಟಿಲಿನಿಂದ ಕೆಳಗಿಳಿದು ನಿಂತ.

"ಎಷ್ಟೈತಿ ನೀರು?"

"ಮೊಣಕಾಲಿಗಿಂತ ಸ್ವಲ್ಪ ಮ್ಯಾಲ ಐತ್ರಿ."

"ಅಡಿ ಲೆಕ್ಕ ಹೇಳು."

"ಎರಡು ಅಡಿ."

"ಎರಡ?"

"ಎರಡಕ್ಕಿಂತ ಜಾಸ್ತಿ ಐತ್ರಿ. ಎರಡೂವರಿ ಅನ್ರಿ."

"ಅರ್ಧ ಎಲ್ಲಿಂದ ತಂದಿ?"

"ನಾ ತರಲಿಲ್ರಿ. ನೀರು ಅಷ್ಟೈತಿ."

"ಅಣೆಕಟ್ಟಿನ್ಯಾಗ ಅಂಕಿ ಕಳಿಸೂ ಹೊಸಬನೂ ಹಂಗ ಅಂದ. ಮುಂಜಾನಿ ಫೋನ್ ಮಾಡಿ ಕೇಳಿದೆ. ಹಳಬ ಇದ್ದಾಗ ಪೂರಾ ಅಂಕಿ ಬರೀತಿದ್ನಂತ, ಹತ್ತಿರದ್ದು ನೋಡಿ. ಹೊಸಬ ಇದ್ದದ್ದನ್ನ ಇದ್ದಂಗ ಬರದಾನ. ಆ ದಿನ ನೀರು ಒಂಬತ್ತೂವರಿ."

ಮೈಲಾರಿ ನೀರಿನಲ್ಲಿ ನಿಂತೇ ಇದ್ದ.

ಅವನ ಎಡಗೈ ಅಂಕಿ ಎಂದರೆ ಏನೆಂದು ಬಲ್ಲುದು? ಸೊನ್ನೆಯಿಂದ ಒಂಬತ್ತರ ತನಕ ಇರುವ ಅಕ್ಷರಗಳು. ಅವನೇ ಹಾಗೆ ಬರೆದಿದ್ದ. ಆ ದಿನ ಬಂದದ್ದು ಒಂಬತ್ತು, ಒಂದು ಚುಕ್ಕೆ, ಐದು. ಚುಕ್ಕೆಯನ್ನು ಕಂಡು ಎಡಗೈ ಇದು ಅಂಕಿಯಲ್ಲ ಎಂದಿತ್ತು. ಅಂದು, ನಾಗವೇಣಿಯ ಕಡೆ ಬೆರಳು ಮಾಡಿ ಸತ್ತಿತ್ತು.

"ಹೊಳಿ ಅರ್ಧ ಅಡಿ ಏರಬಾರದು ಅಂತ ನಿನ್ನ ಎಡಗೈಗೆ ಹೇಳಿದವರು ಯಾರು?"

"ನಾನ ರೀ."

"ಆ ಎತ್ತರಕ್ಕ ಬ್ಲೆಸ್ ಅಂದವರು ಯಾರು?"

"ನನ್ನ ಎಡಗೈ ರೀ."

"ಅಂದ್ರ ತಂಬಿಗಿ ಯಾರ ಮನೀದು?"

"ನಂದ್ರಿ."

ಮೈಲಾರಿ ಮೆಟ್ಟಿಲು ಹತ್ತಿ ಬಂದು ಗುರುಗಳ ಕಾಲು ಹಿಡಿಯಲು ಬಗ್ಗಿದ.

ಗುರುಗಳು ಕಾಲು ಹಿಂದಕ್ಕೆ ಎಳೆದುಕೊಂಡರು.

"ನಾನೇನು ನಿನ್ನ ಎಡಗೈನ ಕರದವನೇನು? ಕರದಾಕಿ ರಸ್ತಿ ಮ್ಯಾಲ ಕುಂತಾಳ. ಅಲ್ಲಿಗೆ ಹೋಗು."

ಮೈಲಾರಿ ಒದ್ದೆ ಕಾಲಿನಲ್ಲೇ ಓಡಿದ.

ನಾಗವೇಣಿ ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನ ಒದ್ದೆ ಕಾಲು ನೋಡಿದಳು.

"ಅಕ್ಕಾ, ನಿಮ್ಮ ಸಾಲು ಸರಿ ಐತ್ರಿ."

"ಗೊತ್ತೈತಿ. ಸರಿ ಐತಿ ಅಂತ ನನಗೂ ಕಾಣ್ತೈತಿ. ಅದಕ್ಕ ಹೊಂಟೀನಿ."

"ತಪ್ಪು ನಂದ್ರಿ. ಆ ದಿನ ಒಂಬತ್ತೂವರಿ ಬಂದಿತ್ತಂತ. ನನ್ನ ಎಡಗೈ ಚುಕ್ಕಿ ಇದ್ದ ಅಂಕಿನ ಒಪ್ಪಂಗಿಲ್ಲ. ಒಪ್ಪದೆ, ನಿಮ್ಮ ಸಾಲು ತೋರಿಸಿ ಸತ್ತೈತಿ."

ನಾಗವೇಣಿ ರಸ್ತೆಯ ಕಡೆ ತಿರುಗಿದಳು.

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ," ಎಂದಳು. "ನಾ ನೆಲ ಆಗಿದ್ದೆ."

"ತಪ್ಪಾತ್ರಿ ಅಕ್ಕಾ."

"ಮೈಲಾರಿ, ಮಂದಿ ಬೈದದ್ದು ನನಗ ದೊಡ್ಡದಲ್ಲ. ನಾ ನನ್ನನ್ನ ನಂಬೂದು ಬಿಟ್ಟೆ. ಉಪ್ಪು ಹಾಕಿದ ಸಾರಿಗೆ ಉಪ್ಪು ಹಾಕೀನೋ ಇಲ್ಲೋ ಅಂತ ಮತ್ತ ಮತ್ತ ನೋಡ್ತಿದ್ದೆ. ಅದನ್ನ ಯಾವ ಸಾಲಿನ್ಯಾಗ ಬರೀತಿ?"

ಅವನಿಗೆ ಅಳು ಬಂತು, ಅತ್ತ. ಅವಳು ಸುಮ್ಮನಿರು ಅನ್ನಲಿಲ್ಲ.

ದೂರದಲ್ಲಿ ಬಸ್ಸಿನ ಧೂಳು ಕಂಡಿತು.

"ಕ್ರೋಕ್ ತಗದು ಏನ್ ಹಾಕ್ತಿ?" ಅವಳು ಕೇಳಿದಳು.

"ಡೈ ಹಾಕ್ತೀನ್ರಿ. ನನ್ನ ಸಾಲ ಕಾಣ್ಲಿ."

"ಅದೂ ಬ್ಯಾಡ. ಮೊದಲ ನಂದೊಂದ ಕಾಣ್ತಿತ್ತು, ಈಗ ನಿಂದೊಂದ ಕಾಣ್ತೈತಿ. ಒಬ್ಬರಿಗೆ ಬೈಯಾಕ ಅನುಕೂಲ ಆಗ್ತೈತಿ, ಅಷ್ಟ. ಕನ್ಫೆಸ್ ಹಾಕು."

ಕನ್ಫೆಸ್ ಎಂಬುದು ಪರ್ಲಿನ ಇನ್ನೊಂದು ಮಾತು. 'ಎಲ್ಲವನ್ನೂ ಒಪ್ಪಿಕೋ' ಎಂದು ಅದರ ಅರ್ಥ. ತಪ್ಪಾದ ಸಾಲು, ಅದನ್ನು ಕರೆದ ಸಾಲು, ಆ ಸಾಲನ್ನು ಕರೆದ ಸಾಲು, ಹೀಗೆ ಬುಡದ ತನಕ ಒಂದನ್ನೂ ಬಿಡದೆ ಹೇಳಿ ಆಮೇಲೆ ಸಾಯುತ್ತದೆ.

"ಲಾಗ್ ಉದ್ದ ಆಗ್ತೈತ್ರಿ ಅಕ್ಕಾ. ಬಲಗೈ ಒಂದ ಸಾಲು ಬರೀತೈತಿ."

"ಬಲಗೈಗೆ ಬರಿಯಾಕ ಬ್ಯಾಸರಾ? ಬರೀಲಿ."

ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ಇಣುಕಿದ.

"ಅಕ್ಕಾರ, ಬರ್ತೀರೇನ್ರಿ?"

ನಾಗವೇಣಿ ಎದ್ದು ನಿಂತಳು. ಚೀಲ ಹೆಗಲಿಗೆ ಹಾಕಿಕೊಂಡಳು.

"ಹೋಗ್ರಿ," ಎಂದಳು ಕಂಡಕ್ಟರಿಗೆ. "ಒಂದು ಓಡಿಸಿ ನೋಡೂದೈತಿ."

ಇಬ್ಬರೂ ಆಶ್ರಮಕ್ಕೆ ಮರಳಿದರು. ಅವಳು ಅವನನ್ನು ಕ್ಷಮಿಸಿದಳೆಂದು ನಾನು ಹೇಳಲಾರೆ. ಅವಳಿಗೆ ಸುಸ್ತಾಗಿತ್ತು, ಆದರೂ ಕೆಲಸವೊಂದು ಅರ್ಧಕ್ಕೆ ನಿಂತಿತ್ತು.

ಮೈಲಾರಿ ಎಡಗೈಯಲ್ಲಿದ್ದ ಕ್ರೋಕ್‌ಗಳನ್ನೆಲ್ಲ ತೆಗೆದು ಕನ್ಫೆಸ್ ಹಾಕಿದ. ಬಲಗೈಗೆ ಪೂರಾ ಬರೆಯಲು ಕಲಿಸಿದ. ಚುಕ್ಕೆಯನ್ನು ತಿದ್ದಲು ಹೊರಟವನನ್ನು ನಾಗವೇಣಿ ತಡೆದಳು.

"ಅದನ್ನ ಆಮ್ಯಾಲ ತಿದ್ದು. ಮೊದಲ ಆ ದಿನ ಸತ್ತಂಗ ಇನ್ನೊಮ್ಮೆ ಸಾಯ್ಲಿ. ಪೂರಾ ಕೇಳೋಣ."

ಗುರುಗಳು ಬಂದು ಅವರ ಹಿಂದೆ ಚಾಪೆಯ ಮೇಲೆ ಕೂತರು. ಚೀಲವನ್ನೂ ನೋಡಿದರು, ನಾಗವೇಣಿಯನ್ನೂ ನೋಡಿದರು.

ಅವಳು ಒಂಬತ್ತೂವರೆ ಕೊಟ್ಟಳು. ಕಡವು ಸತ್ತಿತು. ಲಾಗಿನಲ್ಲಿ ಸಾಲುಗಳು ಇಳಿದವು.

"ಓದು," ಎಂದರು ಗುರುಗಳು.

"ಎತ್ತರ ಅಂಕಿಯಲ್ಲ," ಮೈಲಾರಿ ಓದಿದ. "ಮೈಲಾರಿಯ ಫೈಲು, ಹದಿನೇಳನೇ ಸಾಲು."

"ಮುಂದ?"

"ಅದನ್ನು ಕರೆದದ್ದು, ನಾಗವೇಣಿಯ ಫೈಲು, ನಲವತ್ತೊಂದನೇ ಸಾಲು."

"ಮುಂದ?"

ಮೈಲಾರಿ ನಿಲ್ಲಿಸಿದ.

"ಮುಗೀತೇನು?"

"ಇನ್ನೊಂದೈತ್ರಿ."

"ಮತ್ತ ಓದು. ಕಣ್ಣು ಹೋಗ್ಯಾವ, ಕಿವಿ ಇನ್ನೂ ಅದಾವ."

"ಅದನ್ನು ಕರೆದದ್ದು... ಸಂಗಯ್ಯನವರ ಫೈಲು, ಐದನೇ ಸಾಲು."

ಗುರುಗಳು ಚಾಪೆಯ ಮೇಲೆ ಮುಂದಕ್ಕೆ ಬಾಗಿದರು.

"ಆ ಫೈಲು ತೆರಿ," ಎಂದರು ಗುರುಗಳು. "ಐದನೇ ಸಾಲಿನ ಪಕ್ಕ ನಾ ಏನೋ ಟಿಪ್ಪಣಿ ಬರದಿದ್ದೆ. ಬಹಳ ವರ್ಷ ಆತು."

ಮೈಲಾರಿ ತೆರೆದ. ಓದಲು ಅವನಿಗೆ ಮನಸ್ಸಾಗಲಿಲ್ಲ. ನಾಗವೇಣಿಯೇ ಓದಿದಳು.

"ಸುದ್ದಿ ಹೋಗದಿದ್ದರೆ ಕಡವು ತೆರೆದಿದೆ ಎಂದು ತಿಳಿಯುವುದು. ಮೌನಂ ಸಮ್ಮತಿ ಲಕ್ಷಣಂ."

ಗುರುಗಳು ಸಣ್ಣಗೆ ನಕ್ಕರು. ಆ ನಗುವಿನಲ್ಲಿ ಸಂತೋಷವಿರಲಿಲ್ಲ.

"ಸಂಸ್ಕೃತ ಬ್ಯಾರೆ ಬರದೀನಿ. ಅವತ್ತು ನನಗ ಭಾಳ ಶಾಣ್ಯಾ ಅನಿಸಿರಬೇಕು."

"ನಿಮ್ಮ ಸಾಲು ಬರೇ ಕರದೈತ್ರಿ ಅಪ್ಪಾರ," ಎಂದಳು ನಾಗವೇಣಿ. "ತಪ್ಪೇನೂ ಮಾಡಿಲ್ಲ."

"ಕರದೈತಿ. ಕರದದ್ದು ಸತ್ತು ಬಿತ್ತು. ಸತ್ತವರು ಮಾತಾಡಂಗಿಲ್ಲ. ಆ ಮೌನಾನ ನಾನು ಒಪ್ಪಿಗಿ ಅಂತ ತಿಳಕೊಂಡೆ, ಗಾಳೆಪ್ಪನಿಗೂ ಹಂಗ ತಿಳಕೊಳ್ಳಾಕ ಕಲಿಸಿದೆ." ಅವರು ಮೈಲಾರಿಯ ಕಡೆ ತಿರುಗಿದರು. "ತಪ್ಪು ಕರದವರದು ಅಂದಿದ್ದಿ. ಎಲ್ಲಾರಿಗಿಂತ ಮೊದಲ ಕರದವ ನಾ. ಆ ಒಂದು ಮಾತು ಖರೆ ಅಂದಿ."

"ಹಂಗನ್ನಬ್ಯಾಡ್ರಿ ಅಪ್ಪಾರ."

"ನೀ ಅಂದಾಗ ನಾ ಬ್ಯಾಡ ಅಂದೆ ಏನು? ಒಂದೊಂದು ಸಾಲೂ ಓದಿ ಹೇಳ್ತೀನಿ ಅಂದಿ. ನನಗ ದಣಿವಾಗಿತ್ತು. ದಣಿದವರ ಕೈಯಾಗ ಕಡವು ಕೊಡಬಾರದು. ಆದ್ರ ಇಲ್ಲಿ ದಣಿಯದವರು ಯಾರು ಅದಾರ?"

ಅವರು ಗೋಡೆ ಹಿಡಿದು ಎದ್ದರು. ನಾಗವೇಣಿ ಕೋಲು ಕೊಟ್ಟಳು.

"ಎಲ್ಲಿಗ್ರಿ?"

"ಗಾಳೆಪ್ಪನ ಮನಿಗೆ. ಮೂರು ಸಾಲೂ ನಡೀರಿ."

ಸಂಜೆಯ ಬಿಸಿಲು ಇನ್ನೂ ಇತ್ತು. ಗಾಳೆಪ್ಪ ಗುಡಿಸಲಿನ ಮುಂದೆ ಹೊರಸಿನ ಮೇಲೆ ಮಲಗಿದ್ದ. ತೋಳಿಗೆ ಪಟ್ಟಿ ಕಟ್ಟಿತ್ತು. ದುರುಗಮ್ಮ ಯಾರದೋ ಹಳೆಯ ಹರಿಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದಳು.

ಗಾಳೆಪ್ಪ ಏಳಲು ನೋಡಿದ. ಗುರುಗಳು ಬೇಡವೆಂದು ಕೈ ಮಾಡಿದರು.

ಮೈಲಾರಿ ಮೊದಲು ಹೇಳಿದ. ಅರ್ಧ ಅಡಿಯ ಕತೆ ಹೇಳಿದ, ಚುಕ್ಕೆಯ ಕತೆ ಹೇಳಿದ, ತನ್ನ ತಪ್ಪಿಗೆ ನಾಗವೇಣಕ್ಕನ ಹೆಸರನ್ನು ಊರ ಮುಂದೆ ಓದಿದ್ದನ್ನೂ ಹೇಳಿದ. ಹೇಳುವಾಗ ಅವನ ಚುರುಕು ಬಾಯಿ ಎರಡು ಸಲ ತೊದಲಿತು.

"ನಡುವಿನ ಸಾಲು ನಂದು," ಎಂದಳು ನಾಗವೇಣಿ. "ಕೊಟ್ಟ ಮ್ಯಾಲ ತಗೊಂಡ್ರೋ ಇಲ್ಲೋ ಅಂತ ನಾ ನೋಡ್ಲಿಲ್ಲ."

"ಬುಡದ ಸಾಲು ನಂದು," ಎಂದರು ಗುರುಗಳು.

ಗಾಳೆಪ್ಪ ಮೂವರನ್ನೂ ನೋಡಿದ.

"ಮೂರೂ ಮಂದಿ ನಂದು ನಂದು ಅಂತ ಬಂದ್ರ ನಾ ಯಾರಿಗೆ ಬೈಲ್ರಿ?"

"ಮೂವರಿಗೂ ಬೈ. ಕೇಳಾಕ ಬಂದೀವಿ."

"ಬೈದ್ರ ತೋಳು ಕೂಡ್ತೈತೇನ್ರಿ?" ಎಂದಳು ದುರುಗಮ್ಮ. ಅವಳು ಕೆಲಸ ನಿಲ್ಲಿಸಿರಲಿಲ್ಲ. ಡಾಂಬರಿನ ಬಟ್ಟೆಯನ್ನು ತಳಕ್ಕೆ ಒತ್ತಿ ಒತ್ತಿ ತಿಕ್ಕುತ್ತಿದ್ದಳು. "ಇವರು ಎದ್ದು ಹುಟ್ಟು ಹಿಡಿಯೂ ತನಕ ಮನಿ ನಡೀಬೇಕಲ್ಲ. ನಾಳಿಂದ ನಾ ಹರಿಗೋಲು ಬಿಡ್ತೀನಿ."

"ಹೊಳಿ ಇನ್ನೂ ಪೂರಾ ಇಳಿದಿಲ್ಲ," ಎಂದ ಗಾಳೆಪ್ಪ.

"ಹೊಟ್ಟಿ ಇಳದೈತಿ."

ಅವಳು ಕೈ ಒರೆಸಿಕೊಂಡು ಗುರುಗಳ ಮುಂದೆ ಬಂದು ನಿಂತಳು. ಸಿಟ್ಟಿಗಿಂತ ದಣಿವೇ ಅವಳ ಮುಖದಲ್ಲಿ ಹೆಚ್ಚು ಕಾಣುತ್ತಿತ್ತು.

"ಅಪ್ಪಾರ, ನಿಮ್ಮ ಸಾಲು ಗೀಲು ನನಗ ತಿಳಿಯಂಗಿಲ್ಲ. ನನಗ ತಿಳಿಯೂ ಹಂಗ ಒಂದು ಹೇಳ್ರಿ. ನಾಳಿ ಮುಂಜಾನಿ ನಾ ಏನ್ ನೋಡಿ ಹೋಗ್ಲಿ?"

"ಇನ್ನ ಮ್ಯಾಲ ದಿನಾ ಸುದ್ದಿ ಬರ್ತೈತಿ. ಹೋಗು ಅಂದ ದಿನ ಹೋಗು. ಬ್ಯಾಡ ಅಂದ ದಿನ ಬ್ಯಾಡ."

"ಏನೂ ಬರಲಿಲ್ಲಂದ್ರ?"

ಮೈಲಾರಿ ಬಾಯಿ ತೆರೆದ. ಹಾಗಾಗುವುದಿಲ್ಲ, ಇವತ್ತು ರಾತ್ರಿಯೇ ಎಲ್ಲ ಸರಿಮಾಡುತ್ತೇವೆ ಎಂದು ಹೇಳಲಿದ್ದ. ಗುರುಗಳು ಅವನ ಭುಜದ ಮೇಲೆ ಕೈಯಿಟ್ಟರು, ಭಾರವಾಗಿ.

"ಏನೂ ಬರಲಿಲ್ಲಂದ್ರ ನಾವು ಸತ್ತೀವಿ ಅಂತ ತಿಳಿ, ತಾಯಿ. ಹರಿಗೋಲು ನೀರಿಗೆ ಇಳಿಸಬ್ಯಾಡ."